ತಾರಸಿ ಬಾಗಿಲಿನ ಬೀಗದ ಕೈ

ಗಾಳಿಯಲ್ಲಿರುವ ಧೂಳನ್ನು ಹಿಡಿದು ತೂಗುವುದು ನನ್ನ ಕೆಲಸವಾಗಿತ್ತು. ಯಂತ್ರವನ್ನು ಜೀಪಿಗೆ ಹೇರಿಕೊಂಡು ಮೈಸೂರು ಬಿಟ್ಟ ಗಳಿಗೆಯಿಂದ ಏನೇನು ಕೆಡಬಹುದು ಎಂಬ ಪಟ್ಟಿಯೊಂದು ತಲೆಯಲ್ಲಿ ಓಡುತ್ತಿತ್ತು. ಕರೆಂಟು ಹೋಗಬಹುದು. ಕರೆಂಟು ಇದ್ದೂ ವೋಲ್ಟೇಜು ಇಳಿದು, ಯಂತ್ರ ಬರಿದೆ ಗೊರಗುಟ್ಟುತ್ತಾ ಗಾಳಿಯನ್ನೇ ಎಳೆಯದೆ ಕೂರಬಹುದು. ಮಳೆ ಬರಬಹುದು, ಬಂದರೆ ಗಾಳಿ ತೊಳೆದು ಹೋಗುತ್ತದೆ, ನಾವು ತೂಗುವುದಕ್ಕೆ ಏನೂ ಉಳಿಯುವುದಿಲ್ಲ. ಫಿಲ್ಟರ್ ಕಾಗದದಲ್ಲಿ ಸೂಜಿಮೊನೆಯಷ್ಟು ತೂತು ಇರಬಹುದು. ಕೋತಿ ಬಂದು ಮುಚ್ಚಳ ತೆಗೆಯಬಹುದು. ಪಕ್ಕದ ಮನೆಯಾಕೆ ಅದೇ ತಾರಸಿಯಲ್ಲಿ ಮೆಣಸಿನಕಾಯಿ ಒಣಹಾಕಬಹುದು. ಕಾಗದವನ್ನು ಕವರಿಗೆ ಹಾಕುವಾಗ ನಾನೇ ಸೀನಬಹುದು. ಇಷ್ಟೂ ಸರಿಯಾಗಿ, ತಾರಸಿ ಬಾಗಿಲಿನ ಬೀಗದ ಕೈ ಇಟ್ಟುಕೊಂಡ ಮನುಷ್ಯ ಊರಲ್ಲೇ ಇಲ್ಲದಿರಬಹುದು.

ಇಪ್ಪತ್ತಾರು ವರ್ಷ ಈ ಪಟ್ಟಿಯನ್ನು ಸಾಕಿದೆ. ಸೊಂಟದ ಡಿಸ್ಕು ಜಾರಿ, ಐವತ್ತೆರಡಕ್ಕೇ ಸ್ವಯಂನಿವೃತ್ತಿ ತಗೊಂಡು ಮನೆಗೆ ಬಂದ ಮೇಲೂ ಅದು ನನ್ನನ್ನು ಬಿಟ್ಟಿಲ್ಲ. ಹಾಲು ತರಲು ಹೊರಟರೂ ಮೂರು ಸಲ ಜೇಬು ಮುಟ್ಟಿಕೊಳ್ಳುತ್ತೇನೆ. 'ಯಮ ಬಂದ್ರೂ ಅವನ ಕೋಣಕ್ಕೆ ಲಾಳ ಹೊಡ್ಸಿದೆಯಾ ಅಂತ ಕೇಳೋ ಜಾತಿ ನೀವು' ಎಂದು ನನ್ನ ಹೆಂಡತಿ ಹೇಳುತ್ತಾಳೆ. ಆದರೆ ಸಹನಾ ಎಂಬ ಏಳನೇ ಕ್ಲಾಸಿನ ಹುಡುಗಿಯ ಉಸಿರು ನನ್ನ ಒಂದು ದಿನದ ಅಳತೆಯ ಮೇಲೆ ನಿಂತಿದ್ದಾಗ, ಆ ಪಟ್ಟಿಯಲ್ಲಿದ್ದ ಒಂದೂ ಕೆಡಲಿಲ್ಲ. ಕೆಟ್ಟದ್ದು ಬೇರೆ. ಈ ಕೆಲಸಕ್ಕೆ ಹೊಸದಾಗಿ ಸೇರುತ್ತಿರುವವರು ಅದನ್ನು ತಿಳಿದಿರಬೇಕು ಎಂದು ಬರೆಯುತ್ತಿದ್ದೇನೆ. ಬಡ್ತಿ, ವರ್ಗಾವಣೆಗಳ ಕಥೆ ಬೇಡ. ಅವು ಎಲ್ಲರಿಗೂ ಒಂದೇ ಥರ ಆಗುತ್ತವೆ, ಇಲ್ಲವೇ ಆಗುವುದಿಲ್ಲ.

ಮೊದಲು ನನಗೆ ಕೆಲಸ ಕಲಿಸಿದ ಕೃಷ್ಣಪ್ಪ ಸಾಹೇಬರ ಮಾತು. ಸಣ್ಣ ಆಳು, ದಪ್ಪ ಕನ್ನಡಕ, ನಶ್ಯದ ಚಟ. ನಶ್ಯ ಹಾಕುವವರು ಧೂಳಿನ ಇಲಾಖೆಗೆ ಯಾಕೆ ಬಂದರೋ ಎಂದು ನಾವು ಹಿಂದಿನಿಂದ ನಗುತ್ತಿದ್ದೆವು. ಆದರೆ ತೂಕದ ಕೋಣೆಗೆ ಹೋಗುವ ಮುಂಚೆ ಅವರು ಮೂಗು, ಕೈ ತೊಳೆದು, ಬೇರೆ ಅಂಗಿ ತೊಡುತ್ತಿದ್ದರು. ಮೊದಲ ದಿನ ನನ್ನನ್ನು ತಕ್ಕಡಿಯ ಮುಂದೆ ನಿಲ್ಲಿಸಿದರು. ಗಾಜಿನ ಗೂಡಿನೊಳಗೆ ಇರುವ, ಉಸಿರು ತಾಗಿದರೂ ಅಲುಗುವ ತಕ್ಕಡಿ. ಹೊಸ ಬಿಳಿ ಫಿಲ್ಟರ್ ಕಾಗದ ಇಟ್ಟು ತೂಕ ಬರೆದುಕೊಂಡರು.

'ಈಗ ಹೆಬ್ಬೆಟ್ಟು ಒತ್ತಯ್ಯ ಇದಕ್ಕೆ.'

ಒತ್ತಿದೆ. ಮತ್ತೆ ತೂಗಿದರು. ಕೊನೆಯ ಅಂಕಿ ಬದಲಾಗಿತ್ತು.

'ನೋಡು, ಇದು ನಿನ್ನ ಬೆವರು, ನಿನ್ನ ಬೆಳಗಿನ ದೋಸೆ ಎಣ್ಣೆ. ಇದನ್ನ ನೀನು ನಂಜನಗೂಡಿನ ಧೂಳು ಅಂತ ಬರೆದು ಕಳಿಸ್ತೀಯ. ಯಾರಿಗೂ ಗೊತ್ತಾಗಲ್ಲ. ನಿನಗೂ ಗೊತ್ತಾಗಲ್ಲ. ಅದೇ ಭಯ ಇರಲಿ.'

ಹುಟ್ಟಾ ಪುಕ್ಕಲನಿಗೆ ಇಂಥ ಗುರು ಸಿಕ್ಕಿದರೆ ಏನಾಗಬೇಕೋ ಅದೇ ಆಯಿತು. ಅಂದಿನಿಂದ ಮಲಗುವಾಗಲೂ ಕೈ ತೊಳೆದೇ ಮಲಗಿದೆ.

ಅವರು ಹಾಕಿಕೊಟ್ಟ ನಿಯಮ ಮೂರು. ಕಾಗದವನ್ನು ಕೈಯಲ್ಲಿ ಮುಟ್ಟಬಾರದು, ಚಿಮಟದಲ್ಲೇ ಹಿಡಿಯಬೇಕು. ಕಣ್ಣಾರೆ ಕಂಡದ್ದನ್ನೆಲ್ಲ ವಹಿಯ ಕೊನೆಯ ಕಾಲಮ್ಮಿನಲ್ಲಿ, ಅಂದರೆ ಷರಾ ಎಂಬ ಕಾಲಮ್ಮಿನಲ್ಲಿ ಬರೆಯಬೇಕು: ಮೋಡವಿತ್ತೇ, ಗಾಳಿ ಯಾವ ಕಡೆಯಿಂದ, ಪಕ್ಕದಲ್ಲಿ ಯಾರಾದರೂ ಕಸ ಸುಟ್ಟರೇ. ಮೂರನೆಯದನ್ನು ಅವರು ನಶ್ಯದ ಡಬ್ಬಿ ತಟ್ಟುತ್ತಾ ಹೇಳಿದರು: 'ಅಳೆಯೋಕೆ ಹೋಗೋವಾಗ ಹೇಳಿ ಹೋಗಬೇಡ. ಗಾಳಿಗೂ ಕಿವಿ ಇರುತ್ತೆ.'

ಕಾರ್ಖಾನೆಯವರಿಗೆ ಮುಂಚೆ ಹೇಳಬೇಡ ಎಂದು ನಾನು ಅರ್ಥ ಮಾಡಿಕೊಂಡೆ. ಆ ವಯಸ್ಸಿನಲ್ಲಿ ಅಷ್ಟೇ ಅರ್ಥವಾಗಿದ್ದು.

ನಂಜನಗೂಡಿನಲ್ಲಿ ಹೆದ್ದಾರಿಗೆ ಹತ್ತಿರ, ಕಾರ್ಖಾನೆಗಳ ಸಾಲು ಕಾಣುವ ಒಂದು ಹಳೆಯ ಕಟ್ಟಡದ ತಾರಸಿ ಬಹಳ ವರ್ಷ ನನ್ನ ಪಾಲಿಗಿತ್ತು. ಯಂತ್ರವನ್ನು ಇಬ್ಬರು ಹೊರಬೇಕು. ಇಬ್ಬರಲ್ಲಿ ಒಬ್ಬ ಯಾವಾಗಲೂ ರಜೆ. ನನ್ನ ಸೊಂಟ ಹೋದದ್ದು ಆ ಮೆಟ್ಟಿಲುಗಳಲ್ಲಿ. ಆದರೂ ನಾನು ಗಾಳಿಯನ್ನು ಓದಲು ಕಲಿತದ್ದು ಅಲ್ಲೇ. ಧನುರ್ಮಾಸದ ಬೆಳಗ್ಗೆ ಏಳು ಗಂಟೆಗೆ ಅಲ್ಲಿ ನಿಂತರೆ, ಚಿಮಣಿಗಳಿಂದ ಎದ್ದ ಹೊಗೆ ಸ್ವಲ್ಪ ದೂರ ಮೇಲೇರಿ, ಯಾರೋ ಅಂಗೈ ಅಡ್ಡ ಹಿಡಿದಂತೆ ನಿಂತು, ಅಲ್ಲಿಂದ ಚಪ್ಪಟೆಯಾಗಿ ಕಪಿಲೆಯ ಕಡೆ ಹರಿಯುತ್ತಿತ್ತು. ಶಾಲೆಯ ಮಕ್ಕಳಿಗೆ ಇದನ್ನು ನಾನು ಹೀಗೆ ಹೇಳುತ್ತಿದ್ದೆ: ಚಳಿಗಾಲದ ಇರುಳಿನಲ್ಲಿ ನೆಲ ತಣ್ಣಗಾಗುತ್ತದೆ, ನೆಲಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ ಭಾರವಾಗಿ ಕೆಳಗೇ ಕೂರುತ್ತದೆ. ಅದರ ಮೇಲೆ ಬಿಸಿಗಾಳಿಯ ಪದರ, ಅನ್ನದ ಪಾತ್ರೆಗೆ ತಟ್ಟೆ ಮುಚ್ಚಿದ ಹಾಗೆ. ಬಿಸಿಲು ಏರಿ ಆ ತಟ್ಟೆ ತೆಗೆಯುವವರೆಗೆ ಊರಿನ ಹೊಗೆಯೆಲ್ಲ ಪಾತ್ರೆಯೊಳಗೇ. ಆ ಹೊತ್ತಿಗೇ ನೀವು ಬ್ಯಾಗು ಹಾಕಿಕೊಂಡು ಶಾಲೆಗೆ ಹೊರಟಿರುತ್ತೀರಿ.

'ಹಂಗಾದ್ರೆ ಲೇಟಾಗಿ ಬರಬೋದಾ ಸಾರ್?' ಎಂದು ಒಬ್ಬ ಕೇಳಿದ್ದ. ಎಲ್ಲರೂ ನಕ್ಕರು. ಎಷ್ಟು ಒಳ್ಳೆಯ ಪ್ರಶ್ನೆ ಅದು ಎಂದು ನನಗೆ ಹೊಳೆದದ್ದು ಬಹಳ ವರ್ಷದ ಮೇಲೆ.

ನಂಜನಗೂಡಿನಲ್ಲಿ ನಾನು ಮಾಡಿದ ಎಡವಟ್ಟುಗಳನ್ನು ಬರೆದರೆ ಇನ್ನೊಂದು ವಹಿ ಬೇಕು. ಹೊಸ ಕಾಗದ ಹಾಕುವುದನ್ನು ಮರೆತು ಎಂಟು ಗಂಟೆ ಬರಿ ಯಂತ್ರ ಓಡಿಸಿದ್ದೇನೆ. ಮಡಿಸಿದ ಕಾಗದವನ್ನು ಊಟದ ಚೀಲದಲ್ಲಿಟ್ಟು, ಉಪ್ಪಿನಕಾಯಿ ಎಣ್ಣೆಯನ್ನು ಪ್ರಯೋಗಾಲಯಕ್ಕೆ ಮುಟ್ಟಿಸಿದ್ದೇನೆ. ಆದರೆ ನನ್ನನ್ನು ಕಾಡಿದ್ದು ನನ್ನ ತಪ್ಪಿಲ್ಲದ ಒಂದು ದಿನ. ಆ ಕಟ್ಟಡದ ಕಾವಲುಗಾರ ತಾರಸಿಯ ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡು ಹದಿನಾರು ಎಂಬ ಊರಿಗೆ ಮದುವೆಗೆ ಹೋಗಿಬಿಟ್ಟಿದ್ದ. ಇಡೀ ದಿನ ಮೆಟ್ಟಿಲ ಮೇಲೆ ಯಂತ್ರದ ಪಕ್ಕ ಕೂತೆ. ಸಂಜೆ ಬಂದವನು ಎಲೆಯಡಿಕೆ ಬಾಯಲ್ಲೇ ಹೇಳಿದ: 'ಒಂದ್ ಫೋನ್ ಮಾಡಿದ್ರೆ ಕೀ ಮಡಗೋಯ್ತಿರ್ಲಿಲ್ವಾ ಸಾ? ಅದ್ಕೇನು ಬಾಯ್ ನೋವಾ?'

ಆ ದಿನದಿಂದ ನನ್ನ ಪಟ್ಟಿಯಲ್ಲಿ ಬೀಗದ ಕೈ ಮೊದಲನೆಯ ಸ್ಥಾನಕ್ಕೆ ಏರಿತು.

ಇನ್ನು ತಿ. ನರಸೀಪುರದ ಕಡೆಯ ಸಂಗತಿ. ಸೋಸಲೆ ಬಸ್ಸು ಹಿಡಿದು ನಡುವೆ ಇಳಿದರೆ ಸಿಗುವ ಒಂದು ಊರು, ಹೆಸರು ಬೇಡ. ಸರ್ಕಾರಿ ಶಾಲೆ, ಶಾಲೆಯ ಹಿಂದೆ ಅಕ್ಕಿ ಗಿರಣಿ. ಭತ್ತ ಬೇಯಿಸುವ ಬಾಯ್ಲರಿಗೆ ಭತ್ತದ ಹೊಟ್ಟನ್ನೇ ಉರಿಸುತ್ತಾರೆ. ಆ ಕಪ್ಪು ಬೂದಿಯನ್ನು ಗಿರಣಿಯ ಹಿತ್ತಿಲಲ್ಲಿ, ಅಂದರೆ ಶಾಲೆಯ ಕಾಂಪೌಂಡಿಗೆ ಒರಗಿಸಿ, ಗುಡ್ಡೆ ಹಾಕಿದ್ದರು. ಗಾಳಿ ಬೀಸಿದರೆ ಮಕ್ಕಳ ಅನ್ನದ ತಟ್ಟೆಗೆ ಕರಿಎಳ್ಳು ಉದುರಿಸಿದ ಹಾಗೆ. ಹೆಡ್ ಮೇಷ್ಟ್ರು ಪುಟ್ಟಸ್ವಾಮಿ ಮತ್ತು ಒಂದಷ್ಟು ಪೋಷಕರು ದೂರು ಕೊಟ್ಟಿದ್ದರು. ಗುಡ್ಡೆ ಅಲ್ಲಿಂದ ಏಳಬೇಕು, ಚಿಮಣಿಗೆ ಬೂದಿ ಹಿಡಿಯುವ ಸಾಧನ ಹಾಕಿಸಬೇಕು. ಅದಕ್ಕೆ ನಮ್ಮ ಅಳತೆ ಮಿತಿ ಮೀರಿದೆ ಎಂದು ಹೇಳಬೇಕು. ಹೇಳದಿದ್ದರೆ ದೂರು ಮುಕ್ತಾಯ.

ಸ್ಥಳ ನೋಡಲು ಮೊದಲ ಸಲ ಹೋದಾಗ ತಾರಸಿ ಹತ್ತಲಿಲ್ಲ, ಅಂಗಳದಿಂದಲೇ ನೋಡಿಕೊಂಡೆ. ಸಹನಾಳನ್ನು ಕಂಡದ್ದು ಆಗಲೇ. ಶಾಲೆಯ ಅಡುಗೆಯ ಚಿಕ್ಕತಾಯಮ್ಮನ ಮೊಮ್ಮಗಳು. ಮಾತಿನ ನಡುವೆ ನಿಂತು, ಭುಜ ಎತ್ತಿ ಉಸಿರು ತುಂಬಿಕೊಂಡು, ಮತ್ತೆ ಮಾತು ಮುಂದುವರಿಸುತ್ತಿದ್ದಳು. ಲಂಗದ ಜೇಬಿನಲ್ಲಿ ಇನ್‌ಹೇಲರ್. ದೊಡ್ಡ ಕಣವನ್ನು ಮೂಗು ತಡೆಯುತ್ತದೆ, ಕಣ್ಣಿಗೆ ಕಾಣದ ಸಣ್ಣದು ಒಳಗೆ ಹೋಗಿ ಕೂರುತ್ತದೆ ಎಂದು ನಾನು ಕ್ಲಾಸಿನಲ್ಲಿ ಹೇಳುತ್ತಿದ್ದಾಗ, 'ಕಾಣದೇ ಇರೋದನ್ನ ನಾವ್ ಎಂಗ್ ನೋಡೋದು ಸಾರ್?' ಎಂದಳು. ಬಿಳಿ ಕಾಗದದ ತುಂಡಿಗೆ ಕೊಬ್ಬರಿ ಎಣ್ಣೆ ಸವರಿ ಕಿಟಕಿಯಲ್ಲಿ ತೂಗುಹಾಕು, ಮರುದಿನ ನೋಡು, ಸಣ್ಣದು ಕಾಣದಿದ್ದರೂ ಅದರ ಅಣ್ಣತಮ್ಮಂದಿರು ಕಾಣುತ್ತಾರೆ ಎಂದೆ. ಅವಳು ದಿನಾ ತೂಗುಹಾಕಿದಳು. ಒಂದೊಂದನ್ನೂ ತಾರೀಖು ಬರೆದು ನೋಟ್‌ಬುಕ್ಕಿಗೆ ಅಂಟಿಸಿದಳು. ಕೃಷ್ಣಪ್ಪ ಸಾಹೇಬರು ಕಂಡಿದ್ದರೆ ಕೆಲಸಕ್ಕೆ ಸೇರಿಸಿಕೊಳ್ಳುತ್ತಿದ್ದರು.

ಅಳತೆಗೆ ದಿನ ಗೊತ್ತಾಯಿತು. ಹಿಂದಿನ ದಿನ ಬೆಳಗ್ಗೆ ಎದ್ದವನೇ ಪಟ್ಟಿ ಪಠಿಸಿದೆ. ಕಾಗದಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ತೂತು ಹುಡುಕಿದೆ. ವೋಲ್ಟೇಜಿಗೆ ಸ್ಟೆಬಿಲೈಸರ್ ಇಟ್ಟುಕೊಂಡೆ. ಮಳೆಯ ಮುನ್ಸೂಚನೆ ನೋಡಿದೆ. ಕೋತಿಗೆ ಬಲೆ. ಮಧ್ಯಾಹ್ನಕ್ಕೆ ಮುಂಚೆಯೇ ಎಲ್ಲ ಮುಗಿದರೂ ಒಂದು ಚಿಂತೆ ಉಳಿದಿತ್ತು. ಪುಟ್ಟಸ್ವಾಮಿ ಮೇಷ್ಟ್ರಿಗೆ ಒಂದು ಫೋನು ಮಾಡಿದೆ. ಅದರ ಮಾತು ಕೊನೆಗೆ.

ಬೆಳಗ್ಗೆ ಎಂಟಕ್ಕೆ ತಲುಪಿದೆವು. ಶಾಲೆಯ ಅಂಗಳ ಮದುವೆ ಮನೆಯ ಹಾಗೆ ಇತ್ತು. ಗೇಟಿನಿಂದ ಜಗಲಿಯವರೆಗೆ ಗುಡಿಸಿ ನೀರು ಹಾಕಿದ್ದರು. ಮೆಟ್ಟಿಲ ಮುಂದೆ ರಂಗೋಲಿ. ಮಣ್ಣು ಒದ್ದೆಯಾದ ವಾಸನೆ. ಬಿಂದಿಗೆ ಹಿಡಿದು ಚಿಕ್ಕತಾಯಮ್ಮ ಬೋರ್‌ವೆಲ್ಲಿನಿಂದ ಇನ್ನೊಂದು ಸುತ್ತು ಹೊರಟಿದ್ದರು, ಸೀರೆ ಮೊಣಕಾಲಿನವರೆಗೆ ನೆನೆದಿತ್ತು.

'ಬನ್ನಿ ಬುದ್ದಿ. ಕತ್ಲಲ್ಲೇ ಎದ್ದು ಗುಡ್ಸಿ ನೀರಾಕಿವ್ನಿ. ನಮ್ ಕೂಸ್ಗೋಸ್ಕರ ಬತ್ತಾವ್ರೆ, ಧೂಳಲ್ಲಿ ನಿಲ್ಸಕಾದದಾ?'

ನಾನು ಏನು ಹೇಳಿದೆ ಗೊತ್ತೇ? 'ಯಾಕಮ್ಮ ಇಷ್ಟೆಲ್ಲ ತೊಂದರೆ' ಎಂದೆ. ತೊಂದರೆ! ತಾರಸಿಯ ಚಿಂತೆಯಲ್ಲಿ ಯಂತ್ರ ಹೊತ್ತು ಮೇಲೆ ಹೋದೆ, ಕಾಗದ ಹಾಕಿದೆ, ಸ್ವಿಚ್ಚು ಒತ್ತಿದೆ. ಯಂತ್ರ ಹಾಡಿತು. ವೋಲ್ಟೇಜು ಸರಿ. ಆಕಾಶ ನಿಚ್ಚಳ. ಕೋತಿಯಿಲ್ಲ. ಇಪ್ಪತ್ತಾರು ವರ್ಷದಲ್ಲಿ ಇಷ್ಟು ಸಲೀಸಾಗಿ ಎಂದೂ ಶುರುವಾಗಿರಲಿಲ್ಲ. ಹೆದರಿಕೆಯಾಗಬೇಕಾಗಿದ್ದು ಆಗ, ನಾನು ಖುಷಿಯಾಗಿ ಬೀಡಿ ಹಚ್ಚಲು ಕೆಳಗಿಳಿದೆ.

ಹನ್ನೊಂದು ಗಂಟೆಗೆ ಸಹನಾ ನೋಟ್‌ಬುಕ್ಕು ತಂದಳು. ಹಾಳೆ ಹಾಳೆಯಲ್ಲೂ ಎಣ್ಣೆ ಕಾಗದ, ಒಂದೊಂದರಲ್ಲೂ ಕಪ್ಪು ಚುಕ್ಕೆಗಳ ಜಾತ್ರೆ. ಕೊನೆಯದನ್ನು ಆಗತಾನೇ ಕಿಟಕಿಯಿಂದ ಬಿಚ್ಚಿ ತಂದಿದ್ದಳು.

'ಸಾರ್, ಇದು ನಿನ್ನೆ ಮಧ್ಯಾಹ್ನ ಕಟ್ಟಿದ್ದು. ಬೆಳ್ಳಗೈತೆ ನೋಡಿ! ಚುಕ್ಕಿನೇ ಇಲ್ಲ.' ಭುಜ ಎತ್ತದೆ, ಒಂದೇ ಉಸಿರಿಗೆ ಹೇಳಿದಳು. 'ನೀವು ದಿನಾ ಬನ್ನಿ ಸಾರ್.'

ಆಗ ತಲೆ ಎತ್ತಿ ನೋಡಿದೆ. ಚಿಮಣಿಯಲ್ಲಿ ಹೊಗೆ ಇರಲಿಲ್ಲ. ಬೂದಿಯ ಗುಡ್ಡೆ ನೀರು ಕುಡಿದು, ನೆಂದ ಎಮ್ಮೆಯ ಹಾಗೆ ಮಿರಮಿರ ಹೊಳೆಯುತ್ತಿತ್ತು.

ಪುಟ್ಟಸ್ವಾಮಿ ಮೇಷ್ಟ್ರ ರೂಮಿಗೆ ಓಡಿದೆ.

'ಗಿರಣಿ ಯಾಕೆ ನಿಂತಿದೆ ಮೇಷ್ಟ್ರೇ?'

'ಯಜಮಾನ್ರೇ ನಿಲ್ಲಿಸಿದ್ದಾರೆ ಸಾರ್, ನೀವು ಹೋಗೋವರೆಗೂ. ಊರಿಗೆ ಆಫೀಸರ್ ಬರೋ ದಿವಸ ಹೊಗೆ ಬಿಡೋದು ಮರ್ಯಾದೆ ಅಲ್ಲ ಅಂದ್ರು. ನಿನ್ನೆ ಮಧ್ಯಾಹ್ನದಿಂದ್ಲೇ ಟ್ಯಾಂಕರ್ ಕಳಿಸಿ ಗುಡ್ಡೆಗೆ, ರಸ್ತೆಗೆ ಎಲ್ಲ ನೀರು ಹೊಡೆಸಿದ್ರು.'

'ಅವರಿಗೆ ಯಾರು ಹೇಳಿದ್ದು?'

'ನಾನೇ ಸಾರ್.'

'ದೂರು ಇರೋದು ಅವರ ಮೇಲೇ ಅಲ್ವೇನ್ರೀ!'

ಮೇಷ್ಟ್ರು ನನ್ನನ್ನು ಎಳೆಯ ಮಗುವನ್ನು ನೋಡುವಂತೆ ನೋಡಿದರು. 'ಹೌದು ಸಾರ್. ಆದ್ರೆ ಅವ್ರು ಶಾಲಾ ಸಮಿತಿಯಲ್ಲಿದ್ದಾರೆ. ಊರಿಗೆ ದೊಡ್ಡವರು. ಆಫೀಸರ್ ಬರ್ತಿದ್ದಾರೆ ಅಂತ ಗೊತ್ತಾದ್ಮೇಲೆ ಅವರಿಗೆ ಹೇಳ್ದೆ ಇರೋಕಾಗುತ್ತಾ? ನಾಳೆ ಮುಖ ಹೆಂಗ್ ನೋಡ್ಲಿ?'

ಅವರಲ್ಲಿ ಕಪಟ ಇರಲಿಲ್ಲ. ಯಜಮಾನರಲ್ಲೂ ಇತ್ತೆಂದು ನಾನು ಆಣೆ ಮಾಡಿ ಹೇಳಲಾರೆ; ಮಧ್ಯಾಹ್ನ ಎಳನೀರು ಕಳಿಸಿದರು, ಜೊತೆಗೆ ತಾವೂ ಬಂದು 'ಏನಾದ್ರೂ ಅನುಕೂಲ ಬೇಕಾದ್ರೆ ಹೇಳಿ ಸಾರ್' ಎಂದು ಕೈ ಮುಗಿದರು. ಇಡೀ ಊರು ಸೇರಿ, ಅತಿಥಿಗೆ ಕಾಲಿಗೆ ನೀರು ಕೊಡುವಷ್ಟೇ ಸಹಜವಾಗಿ, ಗಾಳಿಯನ್ನು ತೊಳೆದು ನನ್ನ ಮುಂದೆ ಇಟ್ಟಿತ್ತು.

ಅಲ್ಲೇ ಯಂತ್ರದ ತಂತಿ ಎಳೆದು, ಅಳತೆ ರದ್ದು ಎಂದು ಬರೆದು ವಾಪಸು ಬರಬೇಕಿತ್ತು. ಆಗ ಕೃಷ್ಣಪ್ಪ ಸಾಹೇಬರು ನಿವೃತ್ತರಾಗಿ ಬಹಳ ಕಾಲವಾಗಿತ್ತು. ಹೊಸ ಮೇಲಧಿಕಾರಿಗೆ ಫೋನು ಮಾಡಿದೆ. ಹುಡುಗ ವಯಸ್ಸು, ಕಂಪ್ಯೂಟರಿನಲ್ಲಿ ಚುರುಕು, ಕೆಟ್ಟವನಲ್ಲ. 'ರದ್ದು ಮಾಡಿದ್ರೆ ಮತ್ತೆ ಯಂತ್ರ, ಜೀಪು ಸಿಗೋದು ಯಾವಾಗ ಅಂತ ನಾನು ಹೇಳೋಕಾಗಲ್ಲ. ಕಾರಣ ಕೇಳ್ತಾರೆ, ನಿಮ್ಮ ಹೆಸರೇ ಬರುತ್ತೆ. ಇರೋದನ್ನ ತಗೊಂಡು ಬನ್ನಿ, ಏನು ನೋಡಿದ್ರೋ ಅದನ್ನ ಬರೀರಿ' ಎಂದ.

ನಿಮ್ಮ ಹೆಸರೇ ಬರುತ್ತೆ. ಅಷ್ಟು ಸಾಕಾಯಿತು. ಯಂತ್ರ ಓಡುತ್ತಲೇ ಇತ್ತು. ಮರುದಿನ ಬೆಳಗ್ಗೆ ಕೊನೆಯ ಕಾಗದ ಬಿಚ್ಚಿದೆ. ಚಿಮಟದಲ್ಲೇ ಹಿಡಿದೆ, ಕೈ ತಾಗಿಸಲಿಲ್ಲ. ನಮ್ಮ ಜೀಪು ಕಾಲುವೆ ಸೇತುವೆ ದಾಟುವ ಮುಂಚೆ ಚಿಮಣಿ ಹೊಗೆ ಬಿಡಲು ಶುರುಮಾಡಿದ್ದು ಕನ್ನಡಿಯಲ್ಲಿ ಕಂಡಿತು.

ಷರಾ ಬರೆದೆ. ಗಿರಣಿ ನಿಂತಿತ್ತು, ಬೂದಿಗೆ ನೀರು ಹೊಡೆದಿದ್ದರು, ಅಂಗಳ ಒದ್ದೆಯಿತ್ತು, ಈ ಅಳತೆ ಎಂದಿನ ಸ್ಥಿತಿಯನ್ನು ತೋರಿಸುವುದಿಲ್ಲ. ಹಳೆಯ ಅಭ್ಯಾಸದಂತೆ ವಹಿಯಲ್ಲಿ, ದುಂಡಗೆ, ನಾಲ್ಕು ಸಾಲು. ಆದರೆ ಆ ವರ್ಷದಿಂದ ವಹಿ ಲೆಕ್ಕಕ್ಕಿರಲಿಲ್ಲ. ವರದಿಯೆಲ್ಲ ಕಂಪ್ಯೂಟರಿನ ನಮೂನೆಯಲ್ಲಿ ಹೋಗುತ್ತಿತ್ತು. ಆ ನಮೂನೆ ಒಳ್ಳೆಯದೇ. ಕೂಡುವುದು ಕಳೆಯುವುದು ತಾನೇ ಮಾಡುತ್ತದೆ, ನನ್ನಂಥವರ ತಪ್ಪು ಹಿಡಿಯುತ್ತದೆ. ಅದರಲ್ಲಿ ಷರಾ ಕಾಲಮ್ಮು ಇರಲಿಲ್ಲ. ನನ್ನ ನಾಲ್ಕು ಸಾಲು ಮೈಸೂರಿನ ಬೀರುವಿನಲ್ಲಿ ಉಳಿದವು. ಅಂಕಿ ಒಂದೇ ಮೇಲಕ್ಕೆ ಹೋಯಿತು, ಮಿತಿಯೊಳಗಿದೆ ಎಂಬ ಒಕ್ಕಣೆ ಹೊತ್ತು ಕೆಳಗೆ ಬಂತು. ದೂರು ಮುಕ್ತಾಯ.

ಈಗಿನ ಯಂತ್ರಗಳು ತಾವಾಗಿಯೇ ಗಾಳಿ ಎಳೆದು, ಗಂಟೆಗಂಟೆಗೆ ಅಂಕಿಯನ್ನು ಫೋನಿಗೆ ಕಳಿಸುತ್ತವೆ. ಯಾರೂ ಯಾರಿಗೂ ಹೇಳಿಹೋಗುವ ಪ್ರಶ್ನೆಯಿಲ್ಲ. ಒಳ್ಳೆಯದು. ಆದರೆ ಅವು ದೊಡ್ಡ ಊರುಗಳಲ್ಲಿ ನಿಂತಿವೆ. ಗಿರಣಿಯ ಬೆನ್ನಿಗಿರುವ ಶಾಲೆಗೆ ಇನ್ನೂ ಯಾರೋ ಒಬ್ಬ ಮನುಷ್ಯ ಮೆಟ್ಟಿಲು ಹತ್ತಿಯೇ ಹೋಗಬೇಕು.

ಸುಗ್ಗಿ ಬಂತು. ಗಿರಣಿ ಎರಡು ಪಾಳಿ ಓಡಿತು. ಚಳಿಯ ಬೆಳಗುಗಳು, ತಟ್ಟೆ ಮುಚ್ಚಿದ ಪಾತ್ರೆ. ಮಕರ ಸಂಕ್ರಾಂತಿ ಕಳೆದ ವಾರ ಪುಟ್ಟಸ್ವಾಮಿ ಮೇಷ್ಟ್ರು ಫೋನು ಮಾಡಿದರು. ಬೆಳಗ್ಗೆ ಪ್ರಾರ್ಥನೆಯ ಸಾಲಿನಲ್ಲಿ ಸಹನಾಳಿಗೆ ಉಸಿರು ಹಿಡಿದಿತ್ತು. ಆಟೋದಲ್ಲಿ ನರಸೀಪುರದ ಆಸ್ಪತ್ರೆಗೆ, ಅಲ್ಲಿಂದ ಆಂಬ್ಯುಲೆನ್ಸಿನಲ್ಲಿ ಮೈಸೂರಿಗೆ. ಮೈಸೂರು ಮುಟ್ಟಲಿಲ್ಲ.

ಗಿರಣಿಯ ಬೂದಿಯಿಂದಲೇ ಹಾಗಾಯಿತೆಂದು ನಾನು ಬರೆಯಲಾರೆ. ಉಬ್ಬಸ ಅವಳಿಗೆ ಮುಂಚಿನಿಂದ ಇತ್ತು. ಅಳೆದಿದ್ದರೆ ಏನಾದರೂ ಹೇಳಬಹುದಿತ್ತು. ಅಳೆಯಲು ಹೋದವನು ನಾನು.

ತಿಥಿ ಕಳೆದ ಮೇಲೆ ಹೋದೆ. ಚಿಕ್ಕತಾಯಮ್ಮ ಶಾಲೆಯ ಅಡುಗೆಮನೆಯಲ್ಲೇ ಇದ್ದರು, ಸಾರಿಗೆ ಬೇಳೆ ತೊಳೆಯುತ್ತಾ. ನನ್ನನ್ನು ಕಂಡು ಎದ್ದು, ಸೆರಗಿಗೆ ಕೈ ಒರೆಸಿಕೊಂಡು ಮಣೆ ಹಾಕಿದರು.

'ನೀವ್ ಬಂದ್ ದಿಸ ಒಂದ್ ದಿನ ಕೂಸು ಚೆಂದಾಗ್ ಉಸ್ರಾಡ್ತು ಬುದ್ದಿ. ಎರಡ್ ಮುದ್ದೆ ಉಂಡ್ಲು ಅವತ್ತು. ಅದೇ ನೆಪ್ಪು ನಂಗೆ.'

ಅವರ ನೀರು, ಅವರ ಪೊರಕೆ ಆ ದಿನ ಏನು ಮಾಡಿತೆಂದು ನಾನು ಅವರಿಗೆ ಹೇಳಲಿಲ್ಲ. ಈಗಲೂ ಹೇಳಿಲ್ಲ. ಅವರಿಗೆ ಓದು ಬಾರದು, ಇದನ್ನು ಓದುವುದಿಲ್ಲ ಎಂಬ ಧೈರ್ಯದಲ್ಲಿ ಬರೆಯುತ್ತಿದ್ದೇನೆ. ಯಾರಾದರೂ ಓದಿ ಹೇಳಿದರೆ ಎಂಬುದು ನನ್ನ ಪಟ್ಟಿಗೆ ಈಗ ಹೊಸದಾಗಿ ಸೇರಿದೆ. ಮತ್ತೆ ಅವರದೇನು ತಪ್ಪು? ಊರೆಲ್ಲ ಪೊರಕೆ ಹಿಡಿದದ್ದು ನಾನು ಬರುತ್ತೇನೆಂದು ತಿಳಿದಿದ್ದರಿಂದ. ತಿಳಿದದ್ದು ನನ್ನ ಫೋನಿನಿಂದ. ಕಾರ್ಖಾನೆಯವರಿಗೆ ತಾನೇ ಹೇಳಬಾರದು, ದೂರು ಕೊಟ್ಟವರಿಗೆ ಹೇಳಿದರೇನು ಎಂದುಕೊಂಡಿದ್ದೆ. ಗಾಳಿಗೆ ಕಿವಿ ಇರುತ್ತದೆ ಎಂದರೆ ಏನೆಂದು ಕೃಷ್ಣಪ್ಪ ಸಾಹೇಬರು ಬಿಡಿಸಿ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಆ ಫೋನಿನಲ್ಲಿ ನಾನು ಮೇಷ್ಟ್ರಿಗೆ ಹೇಳಿದ್ದು ಇಷ್ಟೇ: 'ನಾಳೆ ಬೆಳಗ್ಗೆ ಬರ್ತೀನಿ ಮೇಷ್ಟ್ರೇ, ತಾರಸಿ ಬಾಗಿಲಿನ ಬೀಗದ ಕೈ ಒಂದು ಮರೀದೆ ತಂದಿಟ್ಟಿರಿ.' ಮೇಷ್ಟ್ರು 'ಆಗ್ಲಿ ಸಾರ್' ಎಂದಿದ್ದರು, ದೊಡ್ಡವರು ಹೇಳಿದ ಮೇಲೆ ಇಲ್ಲ ಅನ್ನಬಾರದಲ್ಲ ಎಂದು. ಬೆಳಗ್ಗೆ ಯಂತ್ರ ಹೊತ್ತು ಮೇಲೆ ಹೋದಾಗ ನೋಡಿದೆ. ತಗಡಿನ ಬಾಗಿಲು, ಅದನ್ನು ಒಂದು ತುಂಡು ತೆಂಗಿನ ನಾರಿನ ಹಗ್ಗದಿಂದ ಮೊಳೆಗೆ ಸುತ್ತಿದ್ದರು. ಆ ಬಾಗಿಲಿಗೆ ಬೀಗವೇ ಇರಲಿಲ್ಲ.